ಜೊಹರಾ ನಮ್ಮ ಮನೆಗೆ ಬಂದದ್ದು

ನಮ್ಮ ಮನೆಯಲ್ಲಿ ಗಂಡಸರ ಬಾಗಿಲು ಬೇರೆ, ಹೆಂಗಸರ ಬಾಗಿಲು ಬೇರೆ. ಎರಡರಲ್ಲೂ ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ ಬರುತ್ತಿದ್ದವರು ಕೋಳಿಗಳು ಮತ್ತು ನಾನು. ಕಾಣಿಯೂರಿನಲ್ಲಿ ಬಸ್ಸು ನಿಲ್ಲುವಲ್ಲಿಯೇ, ರಸ್ತೆಗೆ ಮುಖ ಮಾಡಿದ್ದ ನಮ್ಮ ಮುಂದಿನ ಕೋಣೆ ಅಜ್ಜನ ಕಾಲದಲ್ಲಿ ಒಣಮೀನಿನ ಅಂಗಡಿಯಾಗಿತ್ತಂತೆ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಸೆಕೆ ಜೋರಾದಾಗ ಆ ಗೋಡೆಗಳಿಂದ ಸಿಗಡಿಯ ವಾಸನೆ ಬರುತ್ತಿತ್ತು. ಬಂದ ನೆಂಟರು ಮೂಗರಳಿಸಿ, ಮಧ್ಯಾಹ್ನದ ಊಟದ ಬಗ್ಗೆ ಏನೇನೋ ಆಸೆ ಕಟ್ಟಿಕೊಂಡು, ಕೊನೆಗೆ ಬಸಳೆ ಸಾರು ಉಂಡು ಹೋಗುತ್ತಿದ್ದರು. ಆ ಕೋಣೆಗೆ ನಾವು ಜಗಲಿ ಎನ್ನುತ್ತಿದ್ದೆವು. ಅದು ಗಂಡಸರದ್ದು. ಅದರ ಹಿಂದಿನ ನಡುಕೋಣೆ, ಅಡಿಗೆಮನೆ, ಬಾವಿಕಟ್ಟೆ ಹೆಂಗಸರದ್ದು. ನಡುವೆ ಒಂದು ಹಸಿರು ಪರದೆ. ಆಚೆ ಆಡಿದ ಮಾತೆಲ್ಲ ಈಚೆಗೆ ಚೆನ್ನಾಗಿ ಕೇಳುತ್ತಿತ್ತು. ಈಚೆಯ ಮಾತು ಮಾತ್ರ ಆಚೆಗೆ ಕೇಳಬಾರದು ಎಂಬುದು ಮನೆಯ ಕಾನೂನು. ಹಾಗಾಗಿ ಹೆಂಗಸರಿಗೆ ಗಂಡಸರ ಬಗ್ಗೆ ಗೊತ್ತಿದ್ದ ಅರ್ಧದಷ್ಟೂ ಗಂಡಸರಿಗೆ ಹೆಂಗಸರ ಬಗ್ಗೆ ಗೊತ್ತಿರಲಿಲ್ಲ. ನನಗೆ ಎರಡೂ ಕಡೆಯದು ಗೊತ್ತಿತ್ತು. ಮುಂದೆ ಶಾಲೆಯಲ್ಲಿ ಟೀಚರಾದಾಗ ಮಕ್ಕಳ ಜಗಳದಲ್ಲಿ ಇಬ್ಬರ ಮಾತನ್ನೂ ಕೇಳದೆ, ಇಬ್ಬರ ಮುಖವನ್ನೂ ನೋಡದೆ ಬೆತ್ತ ಎತ್ತಲಾರದವಳಾದದ್ದು ಆ ಪರದೆಯ ದೆಸೆಯಿಂದಲೇ ಎಂದು ನನ್ನ ನಂಬಿಕೆ.

ಮನೆಯಲ್ಲಿ ಅಪ್ಪನ ತಾಯಿಯಾದ ಅಜ್ಜಿ, ನಾವು ಉಮ್ಮ ಎನ್ನುತ್ತಿದ್ದ ಅಮ್ಮ, ಅಣ್ಣ ಹಮೀದ್ ಮತ್ತು ನಾನು. ಬಾಪ, ಅಂದರೆ ಅಪ್ಪ, ಕೊಲಂಬೊದಲ್ಲಿ ಪಾಲುಗಾರರ ಜೊತೆ ಚಹದ ಹೋಟೆಲು ನಡೆಸುತ್ತಿದ್ದರು. ಒಮ್ಮೆ ಬಂದರೆ ನಾಲ್ಕಾರು ತಿಂಗಳು ಇದ್ದು ಮತ್ತೆ ಹೊರಟುಬಿಡುವರು. ನನಗೆ ಅವರು ಬಾಪನಿಗಿಂತ ಹೆಚ್ಚಾಗಿ ಒಂದು ಹಬ್ಬದ ಹಾಗೆ. ಬಂದರೆ ಸಂತೋಷ, ಹೋದ ಮೇಲೆ ಮತ್ತೆ ಯಥಾಪ್ರಕಾರ ಗಂಜಿ. ಹಿಂದಿನ ಸಲ ಅವರು ಬಂದುಹೋದ ಮೇಲೆ ಹುಟ್ಟಿದ್ದ ನನ್ನ ತಮ್ಮ ನಲವತ್ತು ದಿನ ತುಂಬುವ ಮೊದಲೇ ತೀರಿಕೊಂಡ. ಅವನ ಮುಖವನ್ನು ಬಾಪ ನೋಡಲೇ ಇಲ್ಲ. ಅದಾಗಿ ಕೆಲವು ತಿಂಗಳಷ್ಟೇ ಕಳೆದಿತ್ತು. ಉಮ್ಮ ಮೊದಲಿನಂತೆಯೇ ಬೆಳಿಗ್ಗೆ ಎದ್ದು ಓಡುದೋಸೆ ಹೊಯ್ಯುತ್ತಿದ್ದಳು, ಮೀನು ಕೊಯ್ಯುತ್ತಿದ್ದಳು. ಮಾತು ಮಾತ್ರ ಕಡಿಮೆಯಾಗಿತ್ತು. ಅದರ ಮೇಲೆ ಬಾಪನ ತಂಗಿ ನಫೀಸ ಮಾಮಿ ಜಾಲ್ಸೂರಿನಿಂದ ಹೆರಿಗೆಗೆ ಬಂದಿದ್ದಳು. ಅವಳ ದುಂಡು ದುಂಡಾದ ಗಂಡುಮಗು ಹಗಲಿಡೀ ನಡುಕೋಣೆಯಲ್ಲಿ ಕೈಕಾಲು ಬಡಿಯುತ್ತಿತ್ತು. ಉಮ್ಮ ಅದಕ್ಕೆ ಎಣ್ಣೆ ಹಚ್ಚಿ ಮೀಯಿಸುವಳು, ಬಟ್ಟೆ ಒಗೆಯುವಳು. ಎತ್ತಿ ಮುದ್ದು ಮಾಡಿದ್ದನ್ನು ನಾನು ಕಂಡಿಲ್ಲ.

ಬಾಪ ಬರುತ್ತಾರೆಂದು ಸುದ್ದಿ ಬಂದ ದಿನ ನಾನೂ ಹಮೀದಣ್ಣನೂ ಬೆಳಗಿನಿಂದಲೇ ಜಗಲಿಯಲ್ಲಿ ಕುಳಿತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಪುತ್ತೂರಿನ ಬಸ್ಸು ಬಂತು. ಬಸ್ಸಿನ ಮೇಲಿಂದ ಟ್ರಂಕು ಇಳಿಯಿತು, ಬಾಗಿಲಿನಿಂದ ಬಾಪ ಇಳಿದರು. ಅವರ ತೋಳಿನ ಮೇಲೆ ಒಂದು ಹೆಣ್ಣುಮಗು. ಎಣ್ಣೆ ಹಚ್ಚಿ ಬಾಚಿದ ಕೂದಲಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ರಿಬ್ಬನ್ ಕಟ್ಟಿದವರು ಗಂಡಸರೇ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಖಾಲಿಯಾದ ಹಾಲಿನ ಡಬ್ಬಿಯೊಂದನ್ನು ಅದು ಎದೆಗೆ ಒತ್ತಿ ಹಿಡಿದಿತ್ತು. ಹಡಗು, ಬಂದರಿನ ತಪಾಸಣೆ, ಮಂಗಳೂರಿನವರೆಗೆ ರೈಲು, ಅಲ್ಲಿಂದ ಬಸ್ಸು — ಇಷ್ಟು ದೂರವೂ ಆ ಡಬ್ಬಿಯನ್ನು ಬಿಡಲಿಲ್ಲವಂತೆ. ಬಾಪ ಮಗುವನ್ನು ಕೆಳಗಿಳಿಸದೆ, ಚಪ್ಪಲಿಯನ್ನೂ ಬಿಡದೆ, ಜಗಲಿಯಲ್ಲೇ ನಿಂತು ಪರದೆಯ ಕಡೆಗೆ ಹೇಳಿದರು:

"ಇವಳು ಜೊಹರಾ. ಇನ್ನು ಇಲ್ಲಿಯೇ ಇರುದು."

ಪರದೆ ಸರಿಸಿ ಅಜ್ಜಿ ಹೊರಗೆ ಬಂದಳು. ನಮ್ಮ ಅಜ್ಜಿಗೆ ಸುತ್ತುಬಳಸಿ ಮಾತಾಡಲು ಬರುತ್ತಿರಲಿಲ್ಲ. ನಮ್ಮ ಮನೆಮಾತು ಬ್ಯಾರಿ. ಅವಳು ಅದರಲ್ಲಿ ಕೇಳಿದ್ದನ್ನು ಇಲ್ಲಿ ಕನ್ನಡಕ್ಕೆ ತರುವಾಗ ಅದರ ಖಾರ ಅರ್ಧ ಕಡಿಮೆಯಾಗಿದೆ.

"ಎಂತ ಇದು? ನಿಂದಾ?"

"ಅಲ್ಲ ಉಮ್ಮಾ. ಅಲ್ಲಾಹನಾಣೆ ಅಲ್ಲ."

ಬಾಪ ಹೇಳಿದ ಕತೆ ಇಷ್ಟು. ಹೋಟೆಲಿನ ಪಕ್ಕದಲ್ಲಿ ಮಲಯ ಮೂಲದ ಒಬ್ಬ ಮುಸ್ಲಿಂ ಹೆಂಗಸು ತಿಂಡಿ ಮಾಡಿ ಮಾರುತ್ತಿದ್ದಳು. ಅವಳ ಗಂಡ ಹಡಗಿನ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಹಡಗೇ ಮುಳುಗಿತೆಂದು ಆಮೇಲೆ ಗೊತ್ತಾಯಿತು. ಮೊನ್ನೆ ಮೊನ್ನೆ ಅವಳೂ ಜ್ವರ ಬಂದು ಸತ್ತಳು. ಸಾಯುವ ಮುಂಚೆ ಬಾಪನನ್ನು ಕರೆಸಿ, ಇದನ್ನು ಅನಾಥಾಲಯಕ್ಕೆ ಕೊಡಬೇಡಿ, ನಿಮ್ಮ ಊರಿಗೆ ಕರೆದುಕೊಂಡು ಹೋಗಿ ಎಂದಳಂತೆ. ಬಾಪ ಆಗಲಿ ಎಂದರಂತೆ.

"ಆಗಲಿ ಹೇಳುವ ಮೊದಲು ಮನೆಯಲ್ಲಿ ಒಬ್ಬಳು ಹೆಂಡತಿ ಉಂಟು ಅಂತ ನೆನಪಾಗ್ಲಿಲ್ವಾ ನಿಂಗೆ?"

ಬಾಪ ಮಗುವನ್ನು ಅಜ್ಜಿಯ ತೋಳಿಗೆ ದಾಟಿಸಿ, ಚಪ್ಪಲಿ ಬಿಟ್ಟು, ಕಾಲು ತೊಳೆಯಲು ಹೋದರು.

ಆ ಕತೆಯನ್ನು ನಾನು ನಂಬಿದೆ. ನಾನು ಆಗ ಎಲ್ಲ ಕತೆಗಳನ್ನೂ ನಂಬುತ್ತಿದ್ದೆ. ದೊಡ್ಡವರು ನಂಬದಿರುವುದಕ್ಕೆ ಕಾರಣವಿತ್ತು. ಕೊಲಂಬೊಕ್ಕೆ ವ್ಯಾಪಾರಕ್ಕೆ ಹೋದವರು ಅಲ್ಲಿಯೂ ಒಂದು ನಿಕಾಹ್ ಮಾಡಿಕೊಂಡು, ಅಲ್ಲೊಂದು ಇಲ್ಲೊಂದು ಸಂಸಾರ ನಡೆಸುವುದು ಯಾರೂ ಕೇಳದ ಸಂಗತಿಯಲ್ಲ. ಪಂಜದ ಕಡೆಯ ಒಬ್ಬ ವ್ಯಾಪಾರಿ ಸತ್ತಾಗ ಅವರ ಕೊಲಂಬೊದ ಮಕ್ಕಳು ಹಡಗು ಹತ್ತಿ ಬಂದು, ಇಲ್ಲಿಯ ಮಕ್ಕಳ ಪಕ್ಕದಲ್ಲೇ ಕುಳಿತು ಅತ್ತದ್ದನ್ನು ನಮ್ಮ ಅಡಿಗೆಮನೆಯಲ್ಲಿ ಎಷ್ಟು ಸಲ ಕೇಳಿದ್ದೆನೋ. ನಫೀಸ ಮಾಮಿಗೆ ಇಷ್ಟು ಸಾಕಾಗಿತ್ತು. ಆ ದಿನ ಸಂಜೆಯೇ ಅವಳು ಜೊಹರಾಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಉಮ್ಮನಿಗೆ ಕೇಳುವ ಹಾಗೆಯೇ ಅಜ್ಜಿಗೆ ಹೇಳಿದಳು:

"ಮೂಗು ನೋಡಿ ಉಮ್ಮಾ. ಅಣ್ಣನ ಮೂಗನ್ನೇ ಕಿತ್ತು ಅಂಟಿಸಿದ ಹಾಗೆ ಉಂಟು."

ಉಮ್ಮ ಅಕ್ಕಿ ಕಡೆಯುತ್ತಿದ್ದವಳು ಕಡೆಯುತ್ತಲೇ ಇದ್ದಳು. ಅಂದಿನಿಂದ ಬಾಪನ ಜೊತೆ ಅವಳು ನೇರ ಮಾತಾಡಲಿಲ್ಲ. ಬಾಪ ನಡುಕೋಣೆಯಲ್ಲಿ ಉಣ್ಣಲು ಕುಳಿತರೆ ಎರಡು ಮಾರು ದೂರದಲ್ಲಿ ನಿಂತು ನನ್ನ ಕಡೆ ನೋಡಿ ಹೇಳುವಳು:

"ನಿನ್ನ ಬಾಪನಿಗೆ ಇನ್ನೂ ಅನ್ನ ಬೇಕಾ ಕೇಳು."

ಬಾಪನೂ ನನ್ನನ್ನೇ ನೋಡಿ ಹೇಳುವರು:

"ಸಾಕು ಅಂತ ಹೇಳು."

ನಡುವೆ ನಿಂತು ಅದನ್ನು ಅಲ್ಲಿಗೆ, ಇದನ್ನು ಇಲ್ಲಿಗೆ ಸಾಗಿಸುವ ಕೆಲಸ ನನಗೆ ಮೊದಮೊದಲು ಬಹಳ ಹಿಡಿಸಿತು. ಆಮೇಲೆ ಬೇಜಾರಾಯಿತು. ಉಮ್ಮ ಜೊಹರಾಳನ್ನು ಹೊಡೆದದ್ದಿಲ್ಲ, ಉಪವಾಸ ಕೆಡವಿದ್ದಿಲ್ಲ. ನಾವು ಮಕ್ಕಳು ಒಂದೇ ದೊಡ್ಡ ತಟ್ಟೆಯಲ್ಲಿ ಉಣ್ಣುವಾಗ ಅದರ ಪಾಲಿನ ಮೀನಿನ ಮುಳ್ಳು ತೆಗೆದು ಇಡುವಳು. ಆದರೆ ಮಗು ಅವಳ ಸೆರಗು ಹಿಡಿದರೆ ಮೆಲ್ಲನೆ ಬಿಡಿಸಿ ಅಜ್ಜಿಯ ಕಡೆ ಕಳಿಸುವಳು. ಬಾಪ ಮತ್ತೆ ಕೊಲಂಬೊಕ್ಕೆ ಹೋದ ಮೇಲೆ ಇದನ್ನು ಸಾಕಬೇಕಾದವಳು ಉಮ್ಮನೇ. ಅವಳು ಒಲ್ಲೆ ಎಂದರೆ ಆ ಮಗುವಿಗೆ ನಮ್ಮ ಮನೆಯಲ್ಲಿ ಜಾಗವಿಲ್ಲವೆಂಬುದು ಅಜ್ಜಿಗೂ ಗೊತ್ತಿತ್ತು, ಬಾಪನಿಗೂ ಗೊತ್ತಿತ್ತು.

ಇದರ ನಡುವೆ ಹಾಲಿನ ಪ್ರಶ್ನೆ ಎದ್ದಿತು. ನಮ್ಮಲ್ಲಿ ಸಾಕಿದ ಮಗು ಸಾಕಿದ್ದರಿಂದಲೇ ಮಗಳಾಗುವುದಿಲ್ಲ. ದೊಡ್ಡವಳಾದ ಮೇಲೆ ಸಾಕಿದ ಬಾಪನ ಎದುರಿಗೂ, ಜೊತೆಗೆ ಆಡಿ ಬೆಳೆದ ಹುಡುಗರ ಎದುರಿಗೂ ಪರದೆಯ ಹಿಂದೆಯೇ ಇರಬೇಕು. ಆದರೆ ಎರಡು ವರ್ಷ ತುಂಬುವ ಮೊದಲು ಒಬ್ಬ ಹೆಂಗಸು ಐದು ಸಲ ಹೊಟ್ಟೆ ತುಂಬ ಎದೆಹಾಲು ಕುಡಿಸಿದರೆ ಆ ಮಗು ಅವಳದ್ದೇ ಆಗುತ್ತದೆ. ಹೆತ್ತ ಮಗುವಿಗೆ ಯಾರು ಯಾರು ಹತ್ತಿರದವರೋ ಅದಕ್ಕೂ ಅವರೆಲ್ಲ ಹತ್ತಿರದವರು. ಜೊಹರಾ ಹುಟ್ಟಿದ್ದು ರಂಜಾನಿನ ಚಂದ್ರ ಕಂಡ ಸಂಜೆ ಎಂದು ಅವಳ ತಾಯಿ ಹೇಳಿದ್ದು ಬಾಪನಿಗೆ ನೆನಪಿತ್ತು. ಬರುವ ರಂಜಾನಿಗೆ ಎರಡು ತುಂಬುತ್ತದೆ. ಅದಕ್ಕೆ ಹೆಚ್ಚು ದಿನಗಳಿರಲಿಲ್ಲ.

ಬಾಪ ಅಜ್ಜಿಗೆ ಹೇಳಿದರು, ಅಜ್ಜಿ ಮಾಮಿಗೆ ಹೇಳಿದಳು. ಮಾಮಿ ಮೊದಲು ಮೂಗು ಮುರಿದಳು. ತನ್ನ ಮಗನಿಗೇ ಸಾಲುವುದಿಲ್ಲವೆಂದಳು. ಬಾಪ ಟ್ರಂಕಿನಿಂದ ಹೂವಿನ ಸೀರೆಯೊಂದನ್ನು ತೆಗೆದುಕೊಟ್ಟ ಮೇಲೆ ಸಾಲಿತು. ಐದು ಸಲ ಆಯಿತೆಂದು ಅಜ್ಜಿಯೇ ಸಾಕ್ಷಿ ನಿಂತು ಹೇಳಿದಳು. ಎಲ್ಲರಿಗೂ ಸಮಾಧಾನವಾಯಿತು. ಉಮ್ಮನಿಗೆ ಮಾತ್ರ ಆಗಲಿಲ್ಲ. ಬಾವಿಕಟ್ಟೆಯಲ್ಲಿ ಅವಳು ಅಜ್ಜಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ:

"ಊರಿನ ಬಾಯಿ ಮುಚ್ಚಿಸ್ಲಿಕ್ಕೆ ಇದೆಲ್ಲ. ಸ್ವಂತ ಮಗಳಿಗೆ ಹಾಲು ಕುಡಿಸಿ ಪರರ ಮಗು ಅಂತ ತೋರಿಸುದು. ನಂಗೆ ಇದು ಗೊತ್ತಾಗುದಿಲ್ವಾ?"

"ಅವ ಆಣೆ ಹಾಕಿದ್ದಾನೆ ಮಾರಾಯ್ತಿ."

"ಆಣೆ ಎಲ್ಲ ಗಂಡಸರೂ ಹಾಕ್ತಾರೆ."

ಹಾಗೆಂದು ಉಮ್ಮ ಕೊಡಪಾನವನ್ನು ಬಾವಿಗೆ ಇಳಿಸಿದಳು. ತನ್ನ ಮಗು ಸತ್ತಾಗ ತಾನು ಇಲ್ಲಿ ಒಬ್ಬಳೇ ಇದ್ದೆ, ಆಗ ಅವರು ಅಲ್ಲಿ ಇನ್ನೊಂದು ಮಗುವನ್ನು ಎತ್ತಿ ಆಡಿಸುತ್ತಿದ್ದರು ಎಂದು ಅವಳ ಲೆಕ್ಕ. ಅದು ಸುಳ್ಳಾಗಿದ್ದರೂ ಆ ದುಃಖ ಸುಳ್ಳಲ್ಲ.

ಮಗು ಬಂದದ್ದಕ್ಕೆ ಪ್ರವಾದಿಯವರ ಸ್ತುತಿಯಾದ ಮೌಲೂದ್ ಓದಿಸಿ ನಾಲ್ಕು ಜನರಿಗೆ ಊಟ ಹಾಕಬೇಕೆಂದು ಬಾಪ ಹೊರಟರು. ಮಸೀದಿಯ ಉಸ್ತಾದರು ಬಂದರು, ನೆರೆಹೊರೆಯವರು ಬಂದರು. ಓದಿ ಮುಗಿದ ಮೇಲೆ ಜಗಲಿಯ ಚಾಪೆಯ ಮೇಲೆ ದೊಡ್ಡ ತಟ್ಟೆಗಳಲ್ಲಿ ತುಪ್ಪದನ್ನ, ಆಡಿನ ಮಾಂಸ. ಒಂದೊಂದು ತಟ್ಟೆಯ ಸುತ್ತ ನಾಲ್ಕೈದು ಜನ. ನನ್ನ ಕೆಲಸ ನೀರಿನ ತಂಬಿಗೆಯದ್ದು. ಉಸ್ತಾದರು ಕೇರಳದ ಕಡೆಯವರು, ದೊಡ್ಡ ಹೊಟ್ಟೆಯ ನಗೆಗಾರರು. ಎಲುಬು ಚೀಪುತ್ತಾ ಅವರು ಕೇಳಿದರು:

"ಮಗುವಿಗೆ ಹಾಲು ಕೊಟ್ಟದ್ದು ಯಾರು?"

"ನನ್ನ ತಂಗಿ."

"ಹಾಗಾದರೆ ಅವಳು ನಿಮ್ಮ ತಂಗಿಯ ಮಗಳಾದಳು. ನಿಮಗೆ ತೊಂದರೆ ಇಲ್ಲ. ಹಮೀದನಿಗೆ ಎಂತ ಆದಳು?"

ತಟ್ಟೆಗಳ ಸುತ್ತ ಕೈಗಳೆಲ್ಲ ನಿಂತವು. ಹಮೀದಣ್ಣನಿಗೆ ಅವಳು ಮಾಮಿಯ ಮಗಳು. ಮಾಮಿಯ ಮಗಳೆಂದರೆ ತಂಗಿಯಲ್ಲ. ನಮ್ಮಲ್ಲಿ ಮಾಮಿಯ ಮಗಳನ್ನು ಮದುವೆಯಾಗಬಹುದು. ಆಗಬಹುದು ಎಂದಾದ ಮೇಲೆ ಪರದೆಯೂ ಬಂತು. ಹಾಲು ಎಲ್ಲಿ ಸಿಗುತ್ತದೆ ಎಂದು ಇಡೀ ಮನೆ ಯೋಚಿಸಿತ್ತೇ ಹೊರತು, ಆ ಹಾಲು ಕುಡಿದವಳು ಯಾರಿಗೆ ಯಾರಾಗುತ್ತಾಳೆ ಎಂದು ಒಬ್ಬರೂ ಯೋಚಿಸಿರಲಿಲ್ಲ. ಬಾಪನ ಮುಖ ಬಾಡಿತು. ನೆರೆಮನೆಯವರೊಬ್ಬರು ಚು ಚು ಎಂದರು. ಆಗ ಉಸ್ತಾದರು ಗಹಗಹಿಸಿ ನಕ್ಕರು.

"ಬೇಜಾರು ಎಂತಕ್ಕೆ ಮಾರಾಯ್ರೆ? ಒಳ್ಳೆದೇ ಆಯ್ತಲ್ಲ. ದೊಡ್ಡವಳಾದ ಮೇಲೆ ಹಮೀದನಿಗೇ ನಿಕಾಹ್ ಮಾಡಿ. ಮನೆಯ ಹುಡುಗಿ ಮನೆಯಲ್ಲೇ ಉಳಿತಾಳೆ."

ಬಾಪ ಅನ್ನದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ನಾನು ತಂಬಿಗೆ ಹಿಡಿದು ಅವರ ಎದುರಿಗೇ ನಿಂತಿದ್ದೆ. ಅವರ ಮುಖದಲ್ಲಿ ಹೊರೆ ಇಳಿದಂಥ ಸಮಾಧಾನ ಕಂಡಿತು.

"ಅದೂ ಹೌದು. ನಾನು ಇದನ್ನು ಯೋಚನೆ ಮಾಡ್ಲಿಲ್ಲ. ಅಲ್ಲಾಹ್ ಆಯುಸ್ಸು ಕೊಟ್ಟರೆ ಹಾಗೇ ಮಾಡುವ. ನನ್ನ ಒಪ್ಪಿಗೆ ಉಂಟು, ನೀವೆಲ್ಲ ಸಾಕ್ಷಿ."

ಬಾಯಿ ತುಂಬ ಮಾಂಸ ತುಂಬಿಕೊಂಡಿದ್ದ ಹಮೀದಣ್ಣ ಕಣ್ಣು ಕಣ್ಣು ಬಿಟ್ಟ. ಅವನಿಗೆ ಇನ್ನೂ ಲುಂಗಿ ಸರಿಯಾಗಿ ನಿಲ್ಲುತ್ತಿರಲಿಲ್ಲ. ಎಲ್ಲರೂ ನಕ್ಕರು, ಮತ್ತೆ ಉಣ್ಣತೊಡಗಿದರು.

ನಾನು ನೀರು ತುಂಬಿಸಲು ಒಳಗೆ ಬಂದೆ. ಉಮ್ಮ ಪರದೆಯ ಹಿಂದೆ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯನ್ನು ಕೆಳಗಿಟ್ಟು ನನ್ನ ಎರಡೂ ಭುಜ ಹಿಡಿದಳು.

"ಬಾಪ ಈಗ ಹೇಳಿದ್ದನ್ನು ಇನ್ನೊಮ್ಮೆ ಹೇಳು."

ಹೇಳಿದೆ.

"ತಮಾಷೆಗೆ ಹೇಳಿದರಾ? ನಗಾಡಿದರಾ?"

"ನಗಾಡಿದ್ದು ಉಸ್ತಾದ್. ಬಾಪ ನಗಾಡ್ಲಿಲ್ಲ."

"ಮುಖ ಹೇಗಿತ್ತು?"

"ಖುಷಿ ಆದ ಹಾಗೆ ಇತ್ತು."

ಪರದೆ ಮಾತನ್ನು ಬಿಡುತ್ತದೆ, ಮುಖವನ್ನು ಬಿಡುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಮುಖ. ಅನ್ನದ ಪಾತ್ರೆಯನ್ನು ಅಲ್ಲೇ ಬಿಟ್ಟು ಅಡಿಗೆಮನೆಗೆ ನಡೆದಳು. ಅಲ್ಲಿ ಅಜ್ಜಿ ಒಲೆಯ ಮುಂದೆ ಇದ್ದಳು. ಮಾಮಿ ಗೋಡೆಗೆ ಒರಗಿ ಜೊಹರಾಳನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು.

"ಉಮ್ಮಾ, ಆ ಮಗು ಅವರದ್ದಲ್ಲ," ಎಂದಳು ಉಮ್ಮ ಅಜ್ಜಿಗೆ. "ಸ್ವಂತ ಮಗಳನ್ನು ಸ್ವಂತ ಮಗನಿಗೆ ಕೊಡ್ತೇನೆ ಅಂತ ಯಾವ ಬಾಪ ಹೇಳ್ತಾನೆ? ನಮಾಜು ಬಿಡದ ಮನುಷ್ಯ, ಉಸ್ತಾದರ ಎದುರು, ಅನ್ನದ ಮುಂದೆ ಕೂತು? ಸುಳ್ಳು ಹೇಳುವವನ ಬಾಯಿಗೂ ಅಂಥ ಮಾತು ಬರುದಿಲ್ಲ."

"ಅದನ್ನೇ ನಾನು ಮೊದಲಿಂದ ಹೇಳುದು," ಎಂದಳು ಅಜ್ಜಿ.

"ಮೂಗಿನ ವಿಷಯ ನಾನು ಸುಮ್ಮನೆ ಹೇಳಿದ್ದು ಅತ್ತಿಗೆ," ಎಂದಳು ಮಾಮಿ.

"ಆ ಮೂಗು ನಿನ್ನ ಹತ್ತಿರವೇ ಇರಲಿ. ಮಗುವನ್ನು ಇಲ್ಲಿ ಕೊಡು."

ಜೊಹರಾಳನ್ನು ಎತ್ತಿಕೊಂಡು ಉಮ್ಮ ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮಗು ಕಿಟಾರನೆ ಕಿರುಚಿಕೊಂಡಿತು. ಉಮ್ಮನ ಎದೆಯಲ್ಲಿ ಹಾಲು ಇರಲಿಲ್ಲ. ತಮ್ಮ ಹೋದ ಮೇಲೆ ಬತ್ತಿಹೋಗಿತ್ತು.

ಮರುದಿನದಿಂದ ಅಡಿಗೆಮನೆಯಲ್ಲಿ ಬೇರೆಯೇ ಅಡಿಗೆ ಶುರುವಾಯಿತು. ಅಜ್ಜಿ ಮೆಂತೆ ಗಂಜಿ ಬೇಯಿಸಿದಳು, ಬೆಳ್ಳುಳ್ಳಿ ಸುಟ್ಟಳು, ತೆಂಗಿನಹಾಲಿಗೆ ಬೆಲ್ಲ ಹಾಕಿ ಕುಡಿಸಿದಳು. ಬಾಣಂತಿಯರಿಗೆ ಹಾಲು ಹೆಚ್ಚಲು ನಮ್ಮಲ್ಲಿ ತಾಟೆ ಮೀನಿನ ಸಾರು ಮಾಡುತ್ತಾರೆ. ತಾಟೆ ಬೇಕೆಂದು ಅಜ್ಜಿ ಬಾಪನಿಗೆ ಹೇಳಿದಳು. ಯಾರಿಗೆ ಎಂದು ಹೇಳಲಿಲ್ಲ. ಬಾಪ ತಂಗಿಗೆ ಎಂದು ತಿಳಿದು ಬೆಳಗಿನ ಬಸ್ಸಿಗೆ ಪುತ್ತೂರಿಗೆ ಹೋಗಿ ತಂದರು. ಎರಡನೆಯ ಸಲ ಹೋಗಬೇಕಾದಾಗ, ಇವಳು ಒಬ್ಬಳೇ ಇಷ್ಟು ತಿನ್ನುತ್ತಾಳಾ ಎಂದು ಗೊಣಗಿದರು. ಮಾಮಿಗೆ ಬೈಗುಳದ ಪಾಲಷ್ಟೇ ಸಿಕ್ಕಿತು, ಮೀನು ಸಿಗಲಿಲ್ಲ. ಪಾಪ ಎನಿಸಲಿಲ್ಲ ನನಗೆ.

ಜೊಹರಾ ಮೊದಲು ಉಮ್ಮನ ಹತ್ತಿರ ನಿಲ್ಲುತ್ತಿರಲಿಲ್ಲ. ಹಾಲಿಲ್ಲದ ಎದೆಯನ್ನು ಕಚ್ಚಿ, ಒದ್ದು, ಮಾಮಿಯ ಕಡೆ ಕೈ ಚಾಚಿ ಅಳುವಳು. ಉಮ್ಮನ ಎದೆ ಹುಣ್ಣಾಯಿತು. ಅಜ್ಜಿ ಬೆಣ್ಣೆ ಹಚ್ಚುವಳು, ಉಮ್ಮ ತುಟಿ ಕಚ್ಚಿಕೊಂಡು ಮತ್ತೆ ಮಗುವನ್ನು ಎಳೆದುಕೊಳ್ಳುವಳು. ರಂಜಾನಿಗೆ ಹದಿನೈದು ದಿನ ಮೊದಲು ಬರುವ ಬರಾತ್ ಕಳೆಯಿತು. ಚಂದ್ರ ದಿನದಿನಕ್ಕೆ ಸಣ್ಣದಾಗತೊಡಗಿತು. ಅದನ್ನು ಆ ವರ್ಷ ನಮ್ಮ ಮನೆಯ ಹೆಂಗಸರು ನೋಡಿದಷ್ಟು ಮತ್ತೆ ಯಾವತ್ತೂ ನೋಡಿರಲಿಕ್ಕಿಲ್ಲ. ಒಂದು ಬೆಳಿಗ್ಗೆ ಅಜ್ಜಿ ನನ್ನ ಕಿವಿಯಲ್ಲಿ ಒಂದು ಪ್ರಶ್ನೆ ಹೇಳಿ, ಮದ್ರಸದಲ್ಲಿ ಕೇಳಿ ಬರಲು ಕಳಿಸಿದಳು. ನಾನು ಎಲ್ಲ ಮಕ್ಕಳ ಎದುರು ಎದ್ದು ನಿಂತು ಗಟ್ಟಿಯಾಗಿ ಕೇಳಿದೆ:

"ಉಸ್ತಾದ್, ಒಮ್ಮೆ ಬತ್ತಿ ಮತ್ತೆ ಬಂದ ಹಾಲು ಆಗ್ತದಾ?"

ಉಸ್ತಾದರ ಕಿವಿ ಕೆಂಪಾಯಿತು. ನನ್ನನ್ನು ಬಾಗಿಲಿನ ಹೊರಗೆ ಕರೆದುಕೊಂಡು ಹೋದರು.

"ಆಗ್ತದೆ. ಗಂಡ ಇರುವ ಹೆಂಗಸಾದರೆ ಅವನೇ ಆ ಮಗುವಿನ ಬಾಪ. ಅವಳ ಮಕ್ಕಳೇ ಒಡಹುಟ್ಟಿದವರು. ಯಾರಿಗೆ ಇದು?"

"ಹೇಳ್ಲಿಕ್ಕಿಲ್ಲ," ಎಂದು ಓಡಿ ಬಂದೆ.

ಹಾಲು ಬಂದದ್ದು ಚಂದ್ರ ಪೂರ್ತಿ ಕಾಣದಾಗುವ ಹೊತ್ತಿಗೆ. ಉಮ್ಮ ಕೂಗಿ ಅಜ್ಜಿಯನ್ನು ಕರೆದಳು. ನಾವು ಹೋಗಿ ನೋಡಿದರೆ ಜೊಹರಾ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು, ಉಮ್ಮ ಅಳುತ್ತಿದ್ದಳು. ಆ ಹಾಲು ಯಾರಿಗಾಗಿ ಮೊದಲು ಬಂದಿತ್ತೋ ಅವನಿಗಾಗಿ ಅವಳು ಆ ದಿನ ಮನಸ್ಸು ಬಿಟ್ಟು ಅತ್ತಳು. ಅಜ್ಜಿ ಸುಮ್ಮನಿರಿಸಲು ಹೋಗಲಿಲ್ಲ. ಒಲೆಯ ಮೇಲೆ ಗಂಜಿ ಉಕ್ಕಿ ಚೆಲ್ಲಿತು, ಅದಕ್ಕೂ ಯಾರೂ ಏಳಲಿಲ್ಲ.

ಐದನೆಯ ಸಲ ಕುಡಿಸಿದ್ದು ಚಂದ್ರನನ್ನು ನೋಡಬೇಕಾದ ಸಂಜೆ. ಹಮೀದಣ್ಣ ಓರಗೆಯವರ ಜೊತೆ ಗುಡ್ಡ ಹತ್ತಿದ್ದ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಬಾಪ ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಜುವಿಗೆ ನೀರು ಬೇಕೆಂದು ಜಗಲಿಯಿಂದ ಎರಡು ಸಲ ಕೂಗಿ, ಯಾರೂ ಓಗೊಡದಿದ್ದಾಗ ತಾವೇ ಪರದೆ ಸರಿಸಿ ಒಳಗೆ ಬಂದರು. ಉಮ್ಮ ನಡುಕೋಣೆಯ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ತಲೆವಸ್ತ್ರದ ಕೆಳಗಿಂದ ಎರಡು ಸಣ್ಣ ಪಾದಗಳು ಕಾಣುತ್ತಿದ್ದವು. ಬಾಪ ಖಾಲಿ ತಂಬಿಗೆ ಹಿಡಿದು ನಿಂತುಬಿಟ್ಟರು. ನಾನು ಅಭ್ಯಾಸಬಲದಿಂದ ಇಬ್ಬರ ನಡುವೆ ಹೋಗಿ ನಿಂತೆ. ಉಮ್ಮ ಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಉಸ್ತಾದರಿಗೆ ಹೇಳಿ, ಆ ನಿಕಾಹ್ ಆಗುದಿಲ್ಲ. ಹಮೀದನಿಗೆ ಬೇರೆ ಹುಡುಗಿ ನೋಡಿ."

ಬಾಪ ಆ ಪಾದಗಳನ್ನು ನೋಡಿದರು, ಉಮ್ಮನ ಮುಖ ನೋಡಿದರು. ಆಮೇಲೆ ಹೊಸ್ತಿಲ ಮೇಲೆಯೇ ಕುಳಿತು ಹೆಗಲ ವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡರು. ಬಾಪ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

"ಇವಳು ಅವನಿಗೆ ತಂಗಿ ಆಗ್ಬೇಕು," ಎಂದಳು ಉಮ್ಮ, ವಸ್ತ್ರವನ್ನು ಸರಿಮಾಡುತ್ತಾ. "ನಿಮ್ಮ ಮಗಳು."